ಏಪ್ರಿಲ್‌ನ ಹತ್ತೊಂಬತ್ತು ಹೆರಿಗೆ

ಆ ಆಸ್ಪತ್ರೆಯಲ್ಲಿ ಮರುಳಸಿದ್ದಮ್ಮನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬರು ಡಾಕ್ಟರ್ ಶೈಲಜಾ, ಇನ್ನೊಂದು ಆಗಷ್ಟೇ ಹುಟ್ಟಿದ ಕೂಸು. ಗಾದಿಗನೂರಿನಿಂದ ಸಂಡೂರಿನ ಕಡೆ ಹೋಗುವ ರಸ್ತೆಯಲ್ಲಿರುವ ಆ ಸಮುದಾಯ ಆರೋಗ್ಯ ಕೇಂದ್ರದ ಹೆರಿಗೆ ವಾರ್ಡಿನಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಆಯಾ. ಬೈಕಿನಲ್ಲಿ ಮೆರೆಯುವ ಹುಡುಗರನ್ನು ನಿಲ್ಲಿಸಿ, "ನಿನ್ನ ಮೊದಲು ಎತ್ಕೊಂಡಾಕಿ ನಾನಲೇ" ಎಂದು ಗದರುವ ಹಕ್ಕು ಅವಳಿಗಿತ್ತು. ಅದನ್ನವಳು ಧಾರಾಳವಾಗಿ ಬಳಸುತ್ತಿದ್ದಳು.

ಇಂಥವಳು ಮೇ ತಿಂಗಳ ಮೊದಲ ವಾರ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದಳು. ಕಾರಣ, ಬೆಂಗಳೂರಿನಿಂದ ಬಂದ ಸುತ್ತೋಲೆ. ತಿಂಗಳಿಗೆ ಮೂವತ್ತು ಹೆರಿಗೆ ಆಗದ ಕೇಂದ್ರಗಳ ಹೆರಿಗೆ ಡಾಕ್ಟರನ್ನೂ ಅವರಿಗೆ ಬರುವ ಅನುದಾನವನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಬೇಕಂತೆ. ಲೆಕ್ಕಕ್ಕೆ ಹಿಡಿದದ್ದು ಏಪ್ರಿಲ್. ಏಪ್ರಿಲ್‌ನಲ್ಲಿ ಇಲ್ಲಿ ಆದದ್ದು ಹತ್ತೊಂಬತ್ತು. ಡಾಕ್ಟರ್ ಹೋದರೆ ಬೇನೆ ಬಂದ ಹೆಣ್ಣುಮಕ್ಕಳು ಅದಿರು ಲಾರಿಗಳ ನಡುವೆ ಹೊಸಪೇಟೆ ಮುಟ್ಟಬೇಕು. ಇಲ್ಲಿ ಡಾಕ್ಟರೇ ಇಲ್ಲದ ಕಾಲದಲ್ಲಿ ಅವಳ ತಂಗಿ ಕರೆಮ್ಮ ಅದೇ ದಾರಿಯಲ್ಲಿ ಕೂಸನ್ನು ಕಳೆದುಕೊಂಡಿದ್ದಳು. ಮರುಳಸಿದ್ದಮ್ಮ ಅದನ್ನು ಒಂದು ದಿನವೂ ಮರೆತವಳಲ್ಲ.

ಪರಿಶೀಲನೆಗೆ ಬಂದ ಅಧಿಕಾರಿ ರೇವಣಸಿದ್ದ ಕೆಟ್ಟವರಲ್ಲ. ಕೊಟ್ಟ ಕಾಗದದಲ್ಲಿ ಕೊಟ್ಟ ಖಾನೆ ತುಂಬುವವರು, ಅಷ್ಟೇ.

"ಹತ್ತೊಂಬತ್ತು ಅಂದ್ರ, ಜನಕ್ಕ ಈ ಆಸ್ಪತ್ರಿ ಮ್ಯಾಲೆ ನಂಬಿಕಿ ಇಲ್ಲ ಅಂತಾತು, ಡಾಕ್ಟರ್ರ" ಎಂದರು.

ಶೈಲಜಾ ಬಂದು ಇನ್ನೂ ವರ್ಷ ತುಂಬಿರಲಿಲ್ಲ, ಹಿಂದಿನ ಏಪ್ರಿಲ್‌ಗಳನ್ನು ಕಂಡವರಲ್ಲ. ಚಹಾ ತಂದ ಮರುಳಸಿದ್ದಮ್ಮನಿಗೆ ಆ ಮಾತು ನೆಟ್ಟಗೆ ಎದೆಗೇ ಚುಚ್ಚಿತು. ಕಪ್ಪನ್ನು ಮೇಜಿನ ಮೇಲಿಟ್ಟಳು, ಬಾಯಿಯ ಬೀಗವನ್ನೂ ತೆಗೆದಳು.

"ಸಾಹೇಬ್ರ, ನಿಮಗ ಮದುವಿ ಆದ ಮಗಳು ಅದಾಳೇನ್ರಿ?"

"ಅದಾಳ. ಯಾಕಮ್ಮ?"

"ಮೊದಲನೇ ಆಷಾಢದಾಗ ಎಲ್ಲಿದ್ಲು?"

"ನಮ್ಮ ಮನ್ಯಾಗ. ಎಲ್ಲಾರೂ ತವರಿಗೆ ಕರ್ಕೊಂಡು ಬರ್ತಾರಲ್ಲ."

"ಮತ್ತ ಅಳಿಯಾರು?"

"ಅವರು ಅವರ ಊರಾಗ."

"ಹಂಗಾದ್ರ ಆಷಾಢದಿಂದ ಒಂಬತ್ತು ತಿಂಗಳು ಎಣಸ್ರಿ."

ರೇವಣಸಿದ್ದ ಬೆರಳು ಮಡಚುತ್ತ ಹೋಗಿ ಏಪ್ರಿಲ್‌ಗೆ ಬಂದು ನಿಂತರು. ಶೈಲಜಾ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದರು.

"ಚೊಚ್ಚಲ ಬಾಣಂತನ ಪೂರ್ತಿ ಉರಿಬಿಸಿಲಾಗ ಬ್ಯಾಡ ಅಂತ ಹಿರೇರು ಮಾಡಿಟ್ಟಿದ್ದು ಇದು. ಗಂಡ ಒಂದೂರಾಗ, ಹೆಂಡ್ತಿ ಒಂದೂರಾಗ ಇದ್ರ ನಾವೆಲ್ಲಿಂದ ಕೂಸು ತರಾಣ್ರಿ? ಶ್ರಾವಣಕ್ಕ ಗಂಡನ ಮನಿಗೆ ಹೋದೋರು ಮೇ ತಿಂಗಳಾಗ ಸಾಲು ಹಚ್ಚತಾರ. ನಿಮ್ಮ ಕಂಪ್ಯೂಟರಿಗೆ ಆಷಾಢ ಗೊತ್ತಿಲ್ಲ, ನಮಗ ಗೊತ್ತೈತಿ."

"ಬಾಯಿಮಾತು ನಡಿಯಂಗಿಲ್ಲಮ್ಮ."

ಮರುಳಸಿದ್ದಮ್ಮ ಒಳಗೆ ಹೋಗಿ ಹನ್ನೊಂದು ವರ್ಷದ ಹೆರಿಗೆ ರಿಜಿಸ್ಟರುಗಳನ್ನು ಹೊತ್ತು ತಂದಳು. ಗೆದ್ದಲು ಹತ್ತದಂತೆ ಬೇವಿನ ಸೊಪ್ಪು ಇಟ್ಟು ಕಾದವಳು ಅವಳೇ. ಏಪ್ರಿಲ್ ಇಪ್ಪತ್ತು, ಮೇ ನಲವತ್ತೊಂದು. ಏಪ್ರಿಲ್ ಹದಿನೆಂಟು, ಮೇ ನಲವತ್ನಾಲ್ಕು. ವರ್ಷ ವರ್ಷವೂ ಅದೇ ಕಥೆ. ಸರಾಸರಿ ತೆಗೆದರೆ ತಿಂಗಳಿಗೆ ಮೂವತ್ನಾಲ್ಕು.

"ಇಷ್ಟು ದಿನ ಯಾಕ ಹೇಳಲಿಲ್ಲ?" ಎಂದರು ರೇವಣಸಿದ್ದ.

"ಆಯಾನ್ನ ಯಾರು ಕೇಳ್ತಾರ್ರಿ?"

ಅವರು ಆರಿದ ಚಹಾ ಕುಡಿದು, ರಿಜಿಸ್ಟರುಗಳ ನಕಲು ಮಾಡಿಸಿಕೊಂಡು ಹೋದರು.

ಮೇ ಮೂವತ್ತೊಂದಕ್ಕೆ ಬೆಂಗಳೂರಿನಿಂದ ಉತ್ತರ ಬಂತು. ಈ ಕೇಂದ್ರಕ್ಕೆ ಇಡೀ ವರ್ಷದ ಲೆಕ್ಕ ಹಿಡಿಯತಕ್ಕದ್ದು, ಡಾಕ್ಟರ್ ಇಲ್ಲೇ ಮುಂದುವರಿಯತಕ್ಕದ್ದು. ಜೊತೆಗಿದ್ದ ವರದಿಯ ಕೊನೆಯ ಸಾಲನ್ನು ಶೈಲಜಾ ಜೋರಾಗಿ ಓದಿದರು: "ಮಾಹಿತಿ ನೀಡಿದವರು, ಮರುಳಸಿದ್ದಮ್ಮ, ಆಯಾ."

ಮರುಳಸಿದ್ದಮ್ಮ ಅದನ್ನು ಮೂರು ಸಲ ಓದಿಸಿದಳು. ಹೆಮ್ಮೆಯಿಂದ ಅವಳ ಕಣ್ಣು ತುಂಬಿದವು.

"ನಾ ಬೆಂಗಳೂರು ನೋಡಿಲ್ರಿ. ನನ್ನ ಹೆಸರು ಹೋಗಿ ಬಂತು ನೋಡ್ರಿ."

ಅಷ್ಟರಲ್ಲಿ ವಾರ್ಡಿನಿಂದ ಕೂಗು ಕೇಳಿತು. ಆ ತಿಂಗಳ ನಲವತ್ಮೂರನೆಯದು. ಸೆರಗು ಸಿಕ್ಕಿಸಿಕೊಂಡು ಓಡಿದವಳು ಬಾಗಿಲಲ್ಲಿ ಒಂದು ಕ್ಷಣ ನಿಂತಳು.

"ಅಮ್ಮಾರ, ಅದರದೊಂದು ಝೆರಾಕ್ಸ್ ತಗದಿಡ್ರಿ. ಕರೆಮ್ಮಗ ತೋರಸ್ಬೇಕು."