ಪ್ರಾಸಿಕ್ಯೂಟರನ ಹೆಂಡತಿಯ ಸಾಕ್ಷಿ

ಪೊಲೀಸರ ಮುಂದೆ ಒಂದು ಹೇಳಿ ಕೋರ್ಟಿನಲ್ಲಿ ಇನ್ನೊಂದು ಹೇಳುವ ಸಾಕ್ಷಿಗಳಿಗೆ ಅಚ್ಯುತನೆಂದರೆ ನಡುಕ. ತಿರುವನಂತಪುರದ ಸೆಷನ್ಸ್ ಕೋರ್ಟಿನಲ್ಲಿ ಅವನು ಸರಕಾರದ ಪರ ವಾದಿಸುವ ಪ್ರಾಸಿಕ್ಯೂಟರ್. ಕುಂಬಳೆ ಕಡೆಯ ಕನ್ನಡದವನಾದರೂ ಮಲಯಾಳದಲ್ಲಿ ಅವನ ಪಾಟೀಸವಾಲು ಕೇಳಲು ಕಿರಿಯ ವಕೀಲರು ಬಂದು ಕೂರುತ್ತಿದ್ದರು. ಗೂಂಡಾಗಳಿಗೆ ಹೆದರಿ ಮಾತು ತಿರುಗಿಸಿದ ಬಡಪಾಯಿಗಳನ್ನೂ ಅವನು ಬಿಟ್ಟವನಲ್ಲ. "ನಿಮ್ಮಂಥವರಿಂದಲೇ ಅವರು ಬೀದಿಯಲ್ಲಿ ಎದೆ ಸೆಟೆಸಿ ನಡೆಯುವುದು" ಎಂದು ಕಟಕಟೆಯಲ್ಲೇ ಅವರ ನೀರಿಳಿಸುತ್ತಿದ್ದ.

ಹೋದ ವರ್ಷ ಕೊಚ್ಚಿಯಲ್ಲಿ ಒಂದು ಮದುವೆಯಿತ್ತು. ಮದುವೆ ಮುಗಿದ ಮರುದಿನ ಮಧ್ಯಾಹ್ನ ಅಚ್ಯುತ ಮತ್ತು ಅವನ ಹೆಂಡತಿ ಸರೋಜಿನಿ ಏಲಕ್ಕಿ, ಕಾಳುಮೆಣಸು ಕೊಳ್ಳಲು ಮಟ್ಟಾಂಚೇರಿಗೆ ಹೋದರು. ಸಾಮಾನು ಕೊಂಡಾಗಿತ್ತು. ಅಚ್ಯುತ ಆಟೋ ಒಂದನ್ನು ನಿಲ್ಲಿಸಿಕೊಂಡಿದ್ದ. ಸರೋಜಿನಿ ಅಂಗಡಿಯ ಮೆಟ್ಟಿಲಿಳಿಯುತ್ತಿದ್ದಳು. ಎದುರಿನ ಗೋದಾಮಿನ ನೆರಳಲ್ಲಿ ಯುವಕನೊಬ್ಬ ತನ್ನ ಟ್ಯಾಕ್ಸಿಯ ಗಾಜು ಒರೆಸುತ್ತಿದ್ದ. ಎರಡು ಬೈಕುಗಳು ಬಂದು ಅವನನ್ನು ಅಡ್ಡಗಟ್ಟಿದವು. ಹೆಲ್ಮೆಟ್ ಹಾಕಿದ್ದ ಮೂವರು ಇಳಿದರು. ಒಬ್ಬನ ಕೈಯಲ್ಲಿ ಮಚ್ಚಿತ್ತು. ಯುವಕ ತಲೆ ಉಳಿಸಿಕೊಳ್ಳಲು ಎತ್ತಿದ ಬಲಗೈಯ ಮೇಲೆ ಏಟು ಬಿತ್ತು. ಅವನು ಕಿರುಚಿದ್ದು ಕೇಳಿ ಬೀದಿಯ ಅಂಗಡಿಗಳ ಬಾಗಿಲು ದಡಬಡನೆ ಮುಚ್ಚಿಕೊಂಡವು.

ಮಚ್ಚು ಹಿಡಿದವನು ಬೈಕಿನತ್ತ ತಿರುಗುವಾಗ ಅಚ್ಯುತನನ್ನು ಕಂಡ. ನಿಧಾನವಾಗಿ ಹತ್ತಿರ ಬಂದು ಹೆಲ್ಮೆಟ್ ತೆಗೆದ. ಕಾರ್ತಿಕೇಯ! ತಿರುವನಂತಪುರದ ಗ್ಯಾಂಗೊಂದರ ಮುಂದಾಳು. ಎರಡು ಕೊಲೆಯತ್ನದ ಕೇಸುಗಳಲ್ಲಿ ಅಚ್ಯುತನೇ ಅವನ ವಿರುದ್ಧ ವಾದಿಸಿದ್ದ. ಎರಡರಲ್ಲೂ ಸಾಕ್ಷಿಗಳು ಕೈಕೊಟ್ಟು ಅವನು ಬಿಡುಗಡೆಯಾಗಿದ್ದ.

"ಸಾರೇ," ಎಂದ ಕಾರ್ತಿಕೇಯ, ಪರಿಚಯದವರನ್ನು ಮಾತಾಡಿಸುವ ದನಿಯಲ್ಲಿ. "ಮೋಳ್ ಕಳಕ್ಕೂಟತ್ತಲ್ಲೇ?"

ಮಗಳು ಕಳಕ್ಕೂಟದಲ್ಲಲ್ಲವೇ ಇರುವುದು, ಅಷ್ಟೇ ಅವನು ಕೇಳಿದ್ದು. ಮಗಳು ಮೇಧಾ ತಿರುವನಂತಪುರದ ಅಂಚಿನ ಆ ಊರಿನ ಐಟಿ ಪಾರ್ಕಿನಲ್ಲಿ ಕೆಲಸ ಮಾಡುತ್ತ ಹಾಸ್ಟೆಲಿನಲ್ಲಿದ್ದಳು. ಉತ್ತರಕ್ಕೆ ಕಾಯದೆ ಕಾರ್ತಿಕೇಯ ಹೆಲ್ಮೆಟ್ ಏರಿಸಿ ಬೈಕ್ ಹತ್ತಿದ.

ಸರೋಜಿನಿ ಓಡಿ ಬಂದಳು. ಅವಳು ಆ ಮುಖವನ್ನು ಕಂಡಿದ್ದಳು, ಮಾತು ಮಾತ್ರ ಕೇಳಿಸಿರಲಿಲ್ಲ. ಟ್ಯಾಕ್ಸಿಯ ಚಕ್ರಕ್ಕೆ ಒರಗಿ ಬಿದ್ದಿದ್ದ ಯುವಕ ಇನ್ನೊಂದು ಕೈಯನ್ನು ಇವರತ್ತ ಚಾಚಿದ.

"ರೀ, ಎತ್ತಿಕೊಳ್ಳೋಣ, ಆಸ್ಪತ್ರೆಗೆ ಹೋಗೋಣ."

"ಹತ್ತು. ಮೊದಲು ನೀನು ಹತ್ತು ಮಾರಾಯ್ತಿ!" ಅಚ್ಯುತ ಅವಳ ತೋಳು ಹಿಡಿದು ಆಟೋದೊಳಗೆ ನೂಕಿದ. ಚಾಲಕನಿಗೂ ಅದೇ ಬೇಕಿತ್ತು. ಬೀದಿ ತಿರುಗುವವರೆಗೂ ಸರೋಜಿನಿ ಹಿಂದಕ್ಕೆ ನೋಡುತ್ತಲೇ ಇದ್ದಳು. ಅಚ್ಯುತ ನೋಡಲಿಲ್ಲ.

ಆ ಯುವಕನ ಹೆಸರು ಆದರ್ಶ ಎಂದು ಟಿವಿಯಿಂದ ತಿಳಿಯಿತು. ಹಿಂದೆ ಅದೇ ಗ್ಯಾಂಗಿನಲ್ಲಿದ್ದು, ಬಿಟ್ಟು ಬಂದು ಟ್ಯಾಕ್ಸಿ ಓಡಿಸುತ್ತಿದ್ದನಂತೆ. ಪೊಲೀಸರಿಗೆ ಸುಳಿವು ಕೊಟ್ಟನೆಂಬ ಸಿಟ್ಟಿಗೆ ಕಡಿದದ್ದು. ಜೀವ ಉಳಿಯಿತು, ಬಲಗೈ ಕೆಲಸಕ್ಕೆ ಬಾರದಾಯಿತು. ಆ ತಿಂಗಳು ಅಂಥದೇ ದಾಳಿಗಳು ಬೇರೆ ಊರುಗಳಲ್ಲೂ ನಡೆದಿದ್ದವು. ಕೊಚ್ಚಿಯ ಕೆಲಸಕ್ಕೆ ತಿರುವನಂತಪುರದವರು, ಅಲ್ಲಿಯ ಕೆಲಸಕ್ಕೆ ತ್ರಿಶ್ಶೂರಿನವರು, ಗುರುತು ಸಿಗಬಾರದೆಂದು ಗ್ಯಾಂಗುಗಳು ಆಳುಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದವು. ಸರಕಾರ ಎಚ್ಚೆತ್ತು, ಒಂದೇ ಬೆಳಗ್ಗೆ ಎಲ್ಲ ಜಿಲ್ಲೆಗಳಲ್ಲೂ ಪೊಲೀಸರನ್ನು ಬಿಟ್ಟಿತು. ಮನೆ, ಲಾಡ್ಜು, ತೋಟದ ಶೆಡ್ಡುಗಳಿಂದ ಜನರನ್ನು ಎಳೆದು ತಂದು ವ್ಯಾನಿಗೆ ತುಂಬಿದರು. ಕಾರ್ತಿಕೇಯ ಕೊಲ್ಲಂನ ಫ್ಲ್ಯಾಟೊಂದರಲ್ಲಿ ಸಿಕ್ಕಿಬಿದ್ದ.

ಆ ವಾರವೆಲ್ಲ ಅಚ್ಯುತನಿಗೆ ಕೋರ್ಟಿನಲ್ಲಿ ಬಿಡುವಿರಲಿಲ್ಲ. ಒಬ್ಬೊಬ್ಬರ ಜಾಮೀನನ್ನೂ ವಿರೋಧಿಸಬೇಕಿತ್ತು. "ಇವರನ್ನು ಹೊರಗೆ ಬಿಟ್ಟರೆ ಸಾಕ್ಷಿ ಹೇಳಲು ಯಾರಿಗೂ ಧೈರ್ಯ ಬರದು" ಎಂದು ಅವನೇ ವಾದಿಸುತ್ತಿದ್ದ, ನ್ಯಾಯಾಧೀಶರು ತಲೆಯಾಡಿಸುತ್ತಿದ್ದರು. ಪ್ರತಿ ಸಲ ಆ ಮಾತು ಹೇಳಿ ಕೂರುವಾಗ ಅವನು ನ್ಯಾಯಾಧೀಶರ ಕಣ್ಣು ತಪ್ಪಿಸುತ್ತಿದ್ದ.

ಭಾನುವಾರ ತಿರುವನಂತಪುರದ ಪಟ್ಟಂನಲ್ಲಿದ್ದ ಅವರ ಫ್ಲ್ಯಾಟಿಗೆ ಕೊಚ್ಚಿಯಿಂದ ಇನ್ಸ್‌ಪೆಕ್ಟರ್ ಫಾತಿಮಾ ಬಂದಳು. ಬೀದಿಯ ಕ್ಯಾಮೆರಾದಲ್ಲಿ ಗಂಡ ಹೆಂಡತಿ ಇಬ್ಬರೂ ಕಂಡಿದ್ದರು. ಕಾರ್ತಿಕೇಯ ಹೆಲ್ಮೆಟ್ ತೆಗೆದಾಗ ಕ್ಯಾಮೆರಾಗೆ ಅವನ ಬೆನ್ನು ಮಾತ್ರ ಸಿಕ್ಕಿತ್ತು. ಆಟೋದವನು ಏನೂ ಕಂಡಿಲ್ಲವೆಂದು ಕೈತೊಳೆದುಕೊಂಡಿದ್ದ, ಮುಖ ಕಂಡವರೆಂದು ಉಳಿದವರು ಇವರಿಬ್ಬರೇ.

"ಸಾರ್, ನೀವೇ ಇದ್ದದ್ದು ನಮ್ಮ ಭಾಗ್ಯ," ಎಂದಳು ಫಾತಿಮಾ ಮಲಯಾಳದಲ್ಲಿ. ಅವಳ ಮುಖದಲ್ಲಿ ನಿಜವಾದ ಸಂತೋಷವಿತ್ತು. "ಬೇರೆ ಯಾರಾದರೂ ಆಗಿದ್ದರೆ ಬಾಯಿ ಬಿಡುತ್ತಿರಲಿಲ್ಲ."

ಅಚ್ಯುತ ಕಿಟಕಿಯತ್ತ ನೋಡಿದ. "ನಾನು ಫೋನಿನಲ್ಲಿದ್ದೆ. ಯಾರೋ ಬಂದು ದಾರಿ ಕೇಳಿದ. ಮುಖ ಗಮನಿಸಲಿಲ್ಲ."

ಫಾತಿಮಾಳ ನಗು ಮೆಲ್ಲನೆ ಅಳಿಸಿಹೋಯಿತು. ಹಾಗೆ ಅಳಿಸಿಹೋಗುವುದನ್ನು ನೋಡುವುದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು. ಚಹಾ ತಂದ ಸರೋಜಿನಿ ತಟ್ಟೆಯನ್ನು ಕೆಳಗಿಡದೆ ನಿಂತಿದ್ದಳು. "ಞಾನ್ ಕಂಡು," ಎಂದಳು ತನ್ನ ಮುರುಕು ಮಲಯಾಳದಲ್ಲಿ. ನಾನು ನೋಡಿದೆ. ಆಮೇಲೆ ಗಂಡನ ಕಡೆ ತಿರುಗಿ ಕನ್ನಡದಲ್ಲಿ, "ನಾನು ಹೇಳ್ತೀನಿ ಕಣ್ರೀ" ಎಂದಳು. ಅವಳು ಹಾಸನದವಳು. ಮದುವೆಯಾಗಿ ಇಷ್ಟು ವರ್ಷವಾದರೂ ಮುಖ್ಯವಾದ ಮಾತೆಲ್ಲ ಹಾಸನದ ಕನ್ನಡದಲ್ಲೇ.

ಫಾತಿಮಾ ಹೋದ ಮೇಲೆ ಅಚ್ಯುತ ಕೂಗಾಡಿದ. "ನಿನಗೆ ಎಂತ ಗೊತ್ತುಂಟು ಅವರ ವಿಷಯ? ಅವ ಮೇಧಾಳ ಹೆಸರು ಹಿಡಿದು ಕೇಳದಿದ್ದರೂ ಮಗಳು ಎಲ್ಲಿರುವುದೂಂತ ಹೇಳಿದ್ದಾನೆ!"

ಸರೋಜಿನಿ ಕುರ್ಚಿ ಎಳೆದು ಕೂತಳು. "ಇದನ್ನ ಇಷ್ಟು ದಿನ ಒಬ್ಬರೇ ಇಟ್ಕೊಂಡಿದ್ರಾ?" ಎಂದಳು. "ಮಗು ವಿಷಯ ಅಂದ್ರೆ ಮಗೂನೇ ಕೇಳಬೇಕು."

ಮೇಧಾಳನ್ನು ಮನೆಗೆ ಕರೆಸಿದರು. ಅವಳು ಎಲ್ಲ ಕೇಳಿಸಿಕೊಂಡಳು. ಹೆದರಿದ್ದಾಳೆಂದು ಮುಖದಲ್ಲೇ ಕಾಣುತ್ತಿತ್ತು, ಆದರೂ ಎಂದಿನಂತೆ ಮಲಯಾಳದಲ್ಲೇ ಹೇಳಿದಳು: "ಅಮ್ಮ ಪರಯಟ್ಟೆ." ಅಮ್ಮ ಹೇಳಲಿ. ಅಪ್ಪ ಏನು ಮಾಡಬೇಕೆಂದು ಅವಳು ಹೇಳಲಿಲ್ಲ. ಹಾಸ್ಟೆಲ್ ಬಿಟ್ಟು ಗೆಳತಿಯ ಮನೆ ಸೇರಿದಳು. ಫಾತಿಮಾ ಕಳಿಸಿದ ಪೊಲೀಸಿನವಳು ಕೆಲಸಕ್ಕೆ ಹೋಗಿ ಬರುವಾಗ ಜೊತೆಗಿರುತ್ತಿದ್ದಳು. ಅಪ್ಪನಿಗೆ ಮಾತ್ರ ಅವಳ ಫೋನು ಬರುವುದು ಕಡಿಮೆಯಾಯಿತು.

ವಿಚಾರಣೆ ಕೊಚ್ಚಿಯ ಎರ್ನಾಕುಳಂ ಕೋರ್ಟಿನಲ್ಲಿ ಶುರುವಾಯಿತು. ಸಾಕ್ಷಿಗಳ ಸಾಲಿನಲ್ಲಿ ಅಚ್ಯುತ ಇರಲಿಲ್ಲವಾದ್ದರಿಂದ ಹಿಂದಿನ ಬೆಂಚಿನಲ್ಲಿ ಕೂರಲು ಅಡ್ಡಿಯಿರಲಿಲ್ಲ. ಮೊದಲು ಆದರ್ಶ ಕಟಕಟೆ ಹತ್ತಿದ. ಬಲಗೈ ತೂಗುಬಿದ್ದಿತ್ತು. ಕಡಿದವನ ದನಿ ಗುರುತಿಸಿದ್ದೇನೆಂದು ಪೊಲೀಸರಿಗೆ ಹೇಳಿದ್ದವನು, ಆರೋಪಿಗಳ ಕಡೆ ಒಮ್ಮೆ ನೋಡಿ, "ಹೆಲ್ಮೆಟ್ ಇತ್ತು. ಯಾರೆಂದು ಗೊತ್ತಿಲ್ಲ" ಎಂದ. ಕೊಚ್ಚಿಯ ಪ್ರಾಸಿಕ್ಯೂಟರ್ ಪ್ರಮೋದ್, ಅಚ್ಯುತನ ಕೈಕೆಳಗೆ ಪಳಗಿದವನು, ಗುರುವಿನ ಧಾಟಿಯಲ್ಲೇ ಗದರಿದ: "ನಿಮ್ಮ ಕೈ ಕಡಿದವನನ್ನೇ ಉಳಿಸಲು ನಾಚಿಕೆಯಾಗುವುದಿಲ್ಲವೇ?" ಹಿಂದಿನ ಬೆಂಚಿನಲ್ಲಿ ಅಚ್ಯುತ ತಲೆ ತಗ್ಗಿಸಿದ.

ಆಮೇಲೆ ಸರೋಜಿನಿ. ತಪ್ಪಿ ಒಂದು ಪದ ಆಚೀಚೆ ಆಗಬಾರದೆಂದು ಕನ್ನಡದಲ್ಲೇ ಹೇಳುತ್ತೇನೆಂದಿದ್ದಳು. ಅನುವಾದಕ್ಕೆ ಬಂದವನು ಕಾಸರಗೋಡಿನ ಮಹೇಶ್ವರ, ಅಚ್ಯುತನ ಹಳೆಯ ಪರಿಚಯದವನು. ಸರೋಜಿನಿ ಕಾರ್ತಿಕೇಯನನ್ನು ಬೆರಳು ಮಾಡಿ ತೋರಿಸಿದಳು.

ಆರೋಪಿಯ ವಕೀಲ ಅವಸರವಿಲ್ಲದೆ ಎದ್ದ. "ನಿಮ್ಮ ಗಂಡ ಅಲ್ಲೇ ಇದ್ದರಲ್ಲವೇ? ನಿಮಗಿಂತ ಹತ್ತಿರದಲ್ಲಿ?"

"ಹೌದು."

"ಅವರು ಅನುಭವಿ ಪ್ರಾಸಿಕ್ಯೂಟರ್. ಯಾರ ಮುಖವನ್ನೂ ನೋಡಿಲ್ಲವೆಂದು ಪೊಲೀಸರಿಗೆ ಹೇಳಿದ್ದಾರೆ. ಹಾಗಾದರೆ ಇಬ್ಬರಲ್ಲಿ ಸುಳ್ಳು ಹೇಳುತ್ತಿರುವವರು ಯಾರು? ಅವರೋ, ನೀವೋ?"

ತನ್ನ ಸುಳ್ಳು ತನ್ನನ್ನು ಬಚ್ಚಿಡುತ್ತದೆ ಎಂದಷ್ಟೇ ಅಚ್ಯುತ ತಿಳಿದಿದ್ದ. ಅದು ಹೆಂಡತಿಯ ಕುತ್ತಿಗೆಗೆ ಬರುತ್ತದೆಂದು, ವೃತ್ತಿಯೇ ಅದಾಗಿದ್ದೂ, ಯೋಚಿಸಿರಲಿಲ್ಲ. ಅಥವಾ ಯೋಚಿಸದಂತೆ ನೋಡಿಕೊಂಡಿದ್ದ.

ಸರೋಜಿನಿ ಗಂಡನತ್ತ ನೋಡಲಿಲ್ಲ. "ಅವರೂ ನೋಡಿದ್ರು," ಎಂದಳು. "ಹೆದರಿದ್ರು."

ಪರಿಚಯದವನ ಮಾನ ಉಳಿಸಲು ಹೋಗಿ ಮಹೇಶ್ವರ, ಅವರಿಗೆ ಮನಸ್ಸಿಗೆ ಸ್ವಲ್ಪ ಕಸಿವಿಸಿಯಾಗಿತ್ತು ಎಂಬರ್ಥ ಬರುವಂತೆ ಮಲಯಾಳದಲ್ಲಿ ಏನೋ ಹೇಳಿದ.

"ಹಾಗಲ್ಲ," ಎಂದಳು ಸರೋಜಿನಿ. "ಪೇಡಿಚ್ಚು. ಪೇಡಿಚ್ಚು ಅಂತಲೇ ಹೇಳಿ."

ಹೆದರಿದರು. ಕೋರ್ಟಿನಲ್ಲಿದ್ದವರೆಲ್ಲ ತಿರುಗಿ ಹಿಂದಿನ ಬೆಂಚನ್ನು ನೋಡಿದರು. ಪ್ರಮೋದ್ ಮಾತ್ರ ನೋಡಲಿಲ್ಲ, ಕಡತದಲ್ಲಿ ಏನೋ ಹುಡುಕುತ್ತಿರುವಂತೆ ಬಗ್ಗಿದ. ಅದೇ ಅಚ್ಯುತನಿಗೆ ಎಲ್ಲರ ನೋಟಕ್ಕಿಂತ ಹೆಚ್ಚು ಚುಚ್ಚಿತು.

ಊಟದ ಬಿಡುವಿನಲ್ಲಿ ಅವನು ಯಾರ ಕಣ್ಣಿಗೂ ಬೀಳದೆ ಹಿಂಬಾಗಿಲಿನಿಂದ ಹೊರಟ. ಅಲ್ಲಿ ಗೋಡೆಗೆ ಒರಗಿ ಆದರ್ಶ ನಿಂತಿದ್ದ. ಅಚ್ಯುತ ಪಕ್ಕಕ್ಕೆ ಸರಿದು ಹೋಗುವುದರಲ್ಲಿದ್ದ.

"ಸಾರ್," ಎಂದು ಆದರ್ಶ ಕರೆದ. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಿನದಿಂದ ತಿಳಿದುಕೊಳ್ಳಬೇಕೆಂದಿದ್ದುದನ್ನು ಕೇಳುವವನಂತಿದ್ದ. "ಆವತ್ತು ಆಟೋದಲ್ಲಿ ಜಾಗ ಇತ್ತಲ್ಲ?"

"ಇತ್ತು," ಎಂದ ಅಚ್ಯುತ.

ಆದರ್ಶ ತಲೆಯಾಡಿಸಿದ. ಅಚ್ಯುತ ಹೊರಟ ದಾರಿಯಲ್ಲೇ ಹಿಂದಿರುಗಿ ಪ್ರಮೋದನ ಕೋಣೆಗೆ ಹೋಗಿ, "ನನ್ನನ್ನೂ ಸಾಕ್ಷಿಯಾಗಿ ಕರೆಯಲು ಅರ್ಜಿ ಹಾಕಪ್ಪ" ಎಂದ.

"ಸಾರ್, ಪಾಟೀಸವಾಲಿನಲ್ಲಿ ನಿಮ್ಮನ್ನು ಹರಿದುಹಾಕುತ್ತಾರೆ. ಕೆಲಸವೂ ಉಳಿಯಲಿಕ್ಕಿಲ್ಲ."

"ಗೊತ್ತುಂಟು."

ಪ್ರಮೋದ್ ಹೇಳಿದಂತೆಯೇ ಆಯಿತು. ಆ ವಕೀಲ ಅಚ್ಯುತನನ್ನು ಬೆಳಗ್ಗೆಯಿಂದ ಕಟಕಟೆಯಲ್ಲಿ ನಿಲ್ಲಿಸಿಕೊಂಡ. ಪೊಲೀಸರಿಗೆ ಸುಳ್ಳು ಹೇಳಿದಿರೋ? ಹೇಳಿದೆ. ಗಾಯಗೊಂಡವನನ್ನು ಬಿಟ್ಟು ಓಡಿದಿರೋ? ಓಡಿದೆ. ಅದೇ ವಾರ ಸಾಕ್ಷಿಗಳ ಧೈರ್ಯದ ಬಗ್ಗೆ ಕೋರ್ಟಿನಲ್ಲಿ ಭಾಷಣ ಮಾಡಿದಿರೋ? ಮಾಡಿದೆ. ಮಗಳ ಬಗ್ಗೆ ಬಂದ ಬೆದರಿಕೆಯನ್ನು ಅವನು ಹೇಳಲೇಬೇಕಿತ್ತು, ಹೇಳಿದ. ಹೇಳುವಾಗ ಅದು ನೆಪದಂತೆ ಕೇಳಿಸಿತು. ತಾನು ಇಷ್ಟು ಕಾಲ ಇಂಥ ಮಾತುಗಳನ್ನು ನೆಪವೆಂದೇ ಕೇಳಿಸಿಕೊಂಡದ್ದು ಅವನಿಗೆ ನೆನಪಾಯಿತು.

ಕಾರ್ತಿಕೇಯನಿಗೆ ಶಿಕ್ಷೆಯಾಯಿತು. ತೀರ್ಪು ನಿಂತದ್ದು ಸರೋಜಿನಿಯ ಮಾತಿನ ಮೇಲೆ. ಅಚ್ಯುತನ ಬಗ್ಗೆ ನ್ಯಾಯಾಧೀಶರು ಒಂದೇ ವಾಕ್ಯ ಬರೆದಿದ್ದರು: ಎರಡು ಬಗೆಯಾಗಿ ಹೇಳಿದ ಈ ಸಾಕ್ಷಿಯನ್ನು ನಂಬಲಾಗದು, ಆತ ಕಾನೂನು ಬಲ್ಲವನೆಂಬುದು ವಿಷಾದದ ಸಂಗತಿ. ಅದನ್ನು ಓದುವ ಹೊತ್ತಿಗೆ ಅವನು ಪ್ರಾಸಿಕ್ಯೂಟರ್ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಪಟ್ಟಂನಲ್ಲಿ ಹಳೆಯ ಸಹೋದ್ಯೋಗಿಗಳು ಎದುರಾದರೆ ಹವಾಮಾನದ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಸರೋಜಿನಿ ಅವನನ್ನು ಒಂದು ದಿನವೂ ಹಂಗಿಸಲಿಲ್ಲ. ಕ್ಷಮಿಸಿದ್ದೇನೆಂದೂ ಹೇಳಲಿಲ್ಲ.

ಕೆಲವು ತಿಂಗಳ ಮೇಲೆ, ಈಗ ತಿರುವನಂತಪುರಕ್ಕೆ ವರ್ಗವಾಗಿ ಬಂದಿದ್ದ ಫಾತಿಮಾ ಫೋನ್ ಮಾಡಿದಳು. ಕಳಕ್ಕೂಟದಲ್ಲಿ ಹಾಸ್ಟೆಲ್ ನಡೆಸುವ ಆಯೇಷಾ ಎಂಬವಳು ಇನ್ನೊಂದು ಗ್ಯಾಂಗಿನ ಹೊಡೆದಾಟ ಕಂಡಿದ್ದಳು, ಹೇಳಲು ಅಂಜುತ್ತಿದ್ದಳು. ಸರೋಜಿನಿ ಒಮ್ಮೆ ಬಂದು ಅವಳ ಹತ್ತಿರ ಮಾತಾಡಬಹುದೇ? ಸರೋಜಿನಿ ಒಪ್ಪಿಕೊಂಡು, "ನೀವೂ ಬನ್ನಿ" ಎಂದು ಗಂಡನನ್ನೂ ಹೊರಡಿಸಿದಳು.

ಆಯೇಷಾ ಸರೋಜಿನಿಯ ಮಾತನ್ನೆಲ್ಲ ಕೇಳಿ, ಮೂಲೆಯಲ್ಲಿ ಕೂತಿದ್ದ ಅಚ್ಯುತನತ್ತ ತಿರುಗಿದಳು. "ಸಾರ್ ವಕೀಲರಲ್ಲವೇ? ನನ್ನ ಜಾಗದಲ್ಲಿ ನೀವಿದ್ದರೆ ಹೇಳುತ್ತಿದ್ದಿರಾ?"

ಅಚ್ಯುತ ಹೆಂಡತಿಯತ್ತ ಒಮ್ಮೆ ನೋಡಿದ.

"ಇದ್ದೆ," ಎಂದ. "ಹೇಳಲಿಲ್ಲ."

ಆಯೇಷಾ ಅರ್ಥವಾಗದೆ ನೋಡಿದಳು. ಅಚ್ಯುತ ಕುರ್ಚಿಯನ್ನು ಅವಳ ಸಮೀಪಕ್ಕೆ ಎಳೆದುಕೊಂಡು, ಮಟ್ಟಾಂಚೇರಿಯ ಬೀದಿಯಿಂದ ಹಿಡಿದು ಒಂದನ್ನೂ ಬಿಡದೆ ಹೇಳತೊಡಗಿದ.