ಬಾಯಿ ಆಡಿಸಿದ ವರ್ಷ

ಪಿರಿಯಾಪಟ್ಟಣದಿಂದ ಹಾರನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಊರಿನ ಗಾಯನ ಬಳಗಕ್ಕೆ ಇಪ್ಪತ್ತೆರಡು ವರ್ಷಗಳಿಂದ ನಾನೇ ಮೇಷ್ಟ್ರು. ನೇಮಿಸಿದವರು ಯಾರೂ ಇಲ್ಲ. ಮೊದಲ ದಿನ ಎಲ್ಲರಿಗಿಂತ ಮುಂದೆ ನಿಂತೆ, ಆಮೇಲೆ ಹಿಂದೆ ಸರಿಯಲಿಲ್ಲ, ಅಷ್ಟೆ. ಹದಿನಾಲ್ಕು ಜನರಲ್ಲಿ ಅರ್ಧ ಚರ್ಚಿನವರು, ಉಳಿದರ್ಧ ಹಾಡುವ ಚಟಕ್ಕೆ ಬಂದವರು. ಡಿಸೆಂಬರಿನಲ್ಲಿ ಹಗಲೆಲ್ಲ ಹೊಗೆಸೊಪ್ಪು ವಿಂಗಡಿಸಿ, ಸಂಜೆ ಕೆಮ್ಮುತ್ತಲೇ ಬಂದು ಮನೆಮನೆಯ ಮುಂದೆ ಕ್ರಿಸ್‌ಮಸ್ ಹಾಡು ಹೇಳುತ್ತೇವೆ.

ಈ ವರ್ಷ ಆಗಸ್ಟಿನಲ್ಲೇ ನನ್ನ ಗಂಟಲು ಕೈಕೊಟ್ಟಿತು. ಮೇಲಿನ ಸ್ವರಕ್ಕೆ ಹೋದರೆ ಹಳೇ ಕದ ಕಿರುಗುಟ್ಟಿದ ಹಾಗಾಗುತ್ತಿತ್ತು. ಡಾಕ್ಟರು ಹಾಡಬೇಡಿ ಎಂದರು. ಮೇಷ್ಟ್ರುಗಿರಿ ಬಿಡಿ ಎಂದೇನೂ ಹೇಳಲಿಲ್ಲ. ಹಾಗಾಗಿ ವಾರವಾರದ ಅಭ್ಯಾಸದಲ್ಲೂ ಆಮೇಲೆ ಮನೆಗಳ ಮುಂದೆಯೂ ಕೈ ಬೀಸುತ್ತಾ, ಹುಬ್ಬು ಕುಣಿಸುತ್ತಾ, ಬರೀ ಬಾಯಿ ಆಡಿಸಿದೆ. ಪಕ್ಕದಲ್ಲಿ ನಿಲ್ಲುವ ಚಲುವಯ್ಯ, ಹೊಗೆಸೊಪ್ಪು ಬೆಳೆಯುವ ಮಾತು ಕಡಿಮೆಯ ರೈತ, ನನ್ನ ಸಾಲುಗಳನ್ನೆಲ್ಲ ತುಂಬುಗಂಟಲಲ್ಲಿ ಹಾಡಿ ನನ್ನ ಮಾನ ಉಳಿಸಿದ. ಹಾಡು ಚೆನ್ನಾಗಿತ್ತು ಮೇಷ್ಟ್ರೇ ಎಂದು ಜನ ಹೊಗಳಿದರೆ ನಾನು ತಲೆ ತಗ್ಗಿಸಿ ವಿನಯ ನಟಿಸುತ್ತಿದ್ದೆ.

ನಮ್ಮಲ್ಲೊಂದು ಪದ್ಧತಿಯಿದೆ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಚರ್ಚಿನ ಜಗಲಿಯಲ್ಲಿ ಸೇರಿ, ಪ್ರತಿಯೊಬ್ಬರೂ ಬಳಗದ ಯಾರಾದರೂ ಒಬ್ಬರಿಗೆ ಒಂದು ಬೊಗಸೆ ಅವರೆಕಾಯಿ ಕೊಟ್ಟು, ಯಾಕೆ ಕೊಟ್ಟೆವೆಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಚಲುವಯ್ಯನಿಗೆ ಕೊಟ್ಟರೆ ನನ್ನ ದನಿ ಹೋದದ್ದನ್ನು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಮುಂದೆ ನಿಲ್ಲುವ ಜಾಗ ಹೋಗುತ್ತದೆ. ಆ ಜಾಗವೂ ಹೋದರೆ ಈ ಊರಲ್ಲಿ ನನ್ನನ್ನು ಕೇಳುವವರು ಯಾರು ಎಂಬ ಭಯ ನನಗೆ.

ಬೊಗಸೆ ತುಂಬಿಕೊಂಡು ಎದ್ದೆ. ಚಲುವಯ್ಯನ ಮುಂದೆ ಒಂದು ಗಳಿಗೆ ನಿಂತೆ. ಆಮೇಲೆ ಸರಿದು, ಅವನ ಪಕ್ಕ ಕೂತಿದ್ದ ಪುಟ್ಟಸಿದ್ದಮ್ಮನ ಮಡಿಲಿಗೆ ಸುರಿದು, ವರ್ಷವಿಡೀ ಟೀ ಕಾಸಿದ್ದಕ್ಕೆ ಎಂದೆ. ಟೀ ಕಾಸಿದ್ದು ತಾನಲ್ಲ, ಹಿಂದೆ ಕೂತಿರುವ ಪವಿತ್ರಾ ಎಂದು ಪುಟ್ಟಸಿದ್ದಮ್ಮನೇ ತಿದ್ದಿದರು.

ಚಲುವಯ್ಯನ ಸರದಿ ಬಂತು. ಅವನು ತನ್ನ ಬೊಗಸೆಯನ್ನು ನನ್ನ ಟವೆಲ್ಲಿಗೆ ಹಾಕಿ, ಬಗ್ಗಿ ಕಿವಿಯಲ್ಲಿ ಹೇಳಿದ.

“ಹದ್ನೆಂಟು ವರ್ಸದ ಕೆಳಗೆ ನೀವೇ ನಂಗೆ, ನಿನ್ ದನಿ ಒಡಕು, ಬರೀ ಬಾಯಿ ಆಡ್ಸು ಅಂದಿದ್ರಿ. ಅಂಗೇ ಮಾಡ್ಕಂಡ್ ಬಂದೆ. ಈ ವರ್ಸ ನೀವು ಹಾಡದ್ ಬುಟ್ರಲ್ಲ ಮೇಷ್ಟ್ರೇ, ಅದ್ಕೇ ನಂಗೆ ಹಾಡಕ್ಕಾಯ್ತು.”

ಅವನ ಮುಖದಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾಗಿಯೂ ಖುಷಿಯಾಗಿದ್ದ. ಕೇಳಿಸಲಿಲ್ಲ, ಜೋರಾಗಿ ಹೇಳು ಎಂದು ಹಿಂದಿನಿಂದ ಯಾರೋ ಅಂದರು. ಅವನು ನೆಟ್ಟಗೆ ನಿಂತು, ಮೇಷ್ಟ್ರು ಹಾಡು ಕಲಿಸಿದರಲ್ಲ, ಅದಕ್ಕೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಹಾಗೆ ಹೇಳಿದ್ದು ನನಗೆ ನೆನಪೂ ಇರಲಿಲ್ಲ. ಐದು ತಿಂಗಳು ಬಾಯಿ ಆಡಿಸಿದ್ದಕ್ಕೇ ನಾನು ಎಷ್ಟೊಂದು ಮರುಗಿದ್ದೆ, ಈ ಮನುಷ್ಯ ಹದಿನೆಂಟು ಕ್ರಿಸ್‌ಮಸ್ ನನ್ನ ಪಕ್ಕದಲ್ಲೇ ಸುಮ್ಮನೆ ನಿಂತಿದ್ದ. ಎದ್ದು ನಿಂತೆ. ಇದ್ದ ದನಿಯಲ್ಲೇ ಹೇಳಿದೆ.

“ಇವ್ನು ಹೇಳಿದ್ದು ಸುಳ್ಳು ಕಣ್ರಪ್ಪ. ಈ ವರ್ಸ ನಾನು ಹಾಡೇ ಇಲ್ಲ, ಹಾಡಿದ್ದೆಲ್ಲಾ ಇವ್ನು. ಅದ್ಕೂ ಮುಂಚೆ ಹದ್ನೆಂಟು ವರ್ಸ ಇವ್ನ ಬಾಯಿ ಕಟ್ಟಿದ್ದು ನಾನು.”

ನನ್ನ ದನಿಯ ವಿಷಯಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. ಅದು ಮೊದಲ ವಾರವೇ ಎಲ್ಲರಿಗೂ ಗೊತ್ತಿತ್ತಂತೆ. ಚಲುವಯ್ಯನ ಕೈ ಹಿಡಿದು ನನ್ನ ಜಾಗದಲ್ಲಿ ನಿಲ್ಲಿಸಿ, ನಾಳೆ ಹಾಡು ನೀನೇ ಎತ್ತು ಎಂದೆ. ಹಿಂದಿನ ಸಾಲಿಗೆ ಹೊರಟ ನನ್ನನ್ನು ಅವನು ತೋಳು ಹಿಡಿದು ನಿಲ್ಲಿಸಿದ.

“ಎಲ್ಲಿಗ್ ಒಂಟ್ರಿ? ಪಕ್ಕದಲ್ಲೇ ನಿಂತ್ಕಳಿ. ಎಂಗ್ ಬತ್ತದೋ ಅಂಗೇ ಹಾಡಿ, ನಿಮ್ ಜೊತೆ ನಾನಿವ್ನಿ.”

ಹದಿನೆಂಟು ವರ್ಷದ ಹಿಂದೆ ನಾನು ಅವನಿಗೆ ಹೇಳಬೇಕಾಗಿದ್ದ ಮಾತು ಅದು. ಅಳು ತಡೆಯಲಾಗಲಿಲ್ಲ.