ಗಬ್ಬ ನೋಡುವ ದಿನ

ಸಸ್ಕ್ಯಾಚೆವಾನಿನ ಬಯಲಿನಲ್ಲಿ ಅಕ್ಟೋಬರ್ ಕೊನೆಗೆ ದನಗಳ ಗಬ್ಬ ನೋಡುವ ದಿನ ಬರುತ್ತದೆ. ಒಂದೊಂದೇ ಹಸುವನ್ನು ಕಬ್ಬಿಣದ ಕಟಕಟೆಗೆ ನುಗ್ಗಿಸುವುದು, ದನದ ಡಾಕ್ಟರು ಲೆನೋರ್ ಭುಜದವರೆಗೂ ಗ್ಲೌಸು ಏರಿಸಿ ಹಿಂದಿನಿಂದ ಕೈ ಹಾಕುವುದು, ಗಬ್ಬವೆಂದೋ ಖಾಲಿಯೆಂದೋ ಕೂಗುವುದು. ಖಾಲಿಯಾದರೆ ಬೆನ್ನ ಮೇಲೆ ಕೆಂಪು ಬಳಪದ ಗೀಟು, ಸಂಜೆಯೊಳಗೆ ಕಸಾಯಿಖಾನೆಯ ಲಾರಿ. ಕರು ಹಾಕದ ಹಸುವಿಗೆ ಚಳಿಗಾಲವಿಡೀ ದಂಡಕ್ಕೆ ಹುಲ್ಲು ಹಾಕುವ ಧಾರಾಳತನ ಅಲ್ಲಿ ಯಾರಿಗೂ ಇಲ್ಲ.

ಆ ಕೆಂಪು ಬಳಪ ಮ್ಯಾರ್ಲಿಸ್ ಕೈಯಲ್ಲಿತ್ತು. ಮದುವೆಯಾಗಿ ಬಂದ ಆರು ವರ್ಷದಿಂದಲೂ ಅದು ಅವಳದೇ ಕೆಲಸ. ಅಷ್ಟರಲ್ಲಿ ಅವಳ ಬಸಿರು ಮೂರು ಸಲ ಇಳಿದುಹೋಗಿತ್ತು. ಮೂರನೆಯದು ಐದು ತಿಂಗಳಿನದು, ಹೆಣ್ಣು. ಚರ್ಚಿನ ಹಿಂದೆ ಹೂತಿದ್ದರು. ಅದರ ಹಿಂದಿನ ವಾರ ಅವಳು ಕುದುರೆ ಹತ್ತಿ, ತಪ್ಪಿಸಿಕೊಂಡ ಕರುವನ್ನು ಅಟ್ಟಿಕೊಂಡು ಬಂದಿದ್ದಳು. ಅತ್ತೆ ಅರ್ಡಿತ್ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಅಂದುಬಿಟ್ಟಳು, "ಕುದುರೆ ಹತ್ತಬೇಡ ಅಂತ ಬಡ್ಕೊಂಡೆ." ಆಮೇಲೆ ಆ ಮಾತೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಮ್ಯಾರ್ಲಿಸ್ ತನಗೆ ತಾನೇ ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದಳು.

ಹೋದ ವಾರ ರೆಜೈನಾ ಪಟ್ಟಣದ ಡಾಕ್ಟರು ಅವಳನ್ನು ದೊಡ್ಡ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆಸಿದ್ದರು. ಹುಟ್ಟಿನಿಂದಲೇ ಗರ್ಭಕೋಶ ಎರಡು ಕವಲಾಗಿದೆ ಎಂದಿದ್ದರು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಕುದುರೆಯಿಂದ ಹೀಗಾಯಿತೇ ಎಂದು. ಅಲ್ಲವೆಂದರು. ಗಂಡ ಡಾರ್ಸಿಯೂ ಅಲ್ಲವೆಂದ, ಆದರೆ ಅವನು ಯಾರ ಮನಸ್ಸನ್ನೂ ನೋಯಿಸದ ಪ್ರಾಣಿ. ಆ ಮಾತು ಅತ್ತೆಯ ಬಾಯಿಂದ ಬರದೆ ಮ್ಯಾರ್ಲಿಸ್‌ಗೆ ನಿದ್ದೆ ಹತ್ತುವಂತಿರಲಿಲ್ಲ.

ಮೂವತ್ತು ಹಸು ಮುಗಿದ ಮೇಲೆ ಮೂವರು ಹೆಂಗಸರೂ ಬೇಲಿಗೆ ಒರಗಿ ಕಾಫಿ ಕುಡಿಯುತ್ತಿದ್ದಾಗ ಮ್ಯಾರ್ಲಿಸ್ ರೆಜೈನಾದ ಡಾಕ್ಟರು ಹೇಳಿದ್ದನ್ನು ಹೇಳಿದಳು.

ಅರ್ಡಿತ್ ಮೂಗು ಮುರಿದಳು. "ಅದೂ ಒಂದು ರೋಗವೇ? ನನ್ನ ನೂರಿಪ್ಪತ್ತು ಹಸೂಗೂ ಎರಡು ಕವಲೇ. ವರ್ಷಕ್ಕೊಂದು ಹಾಕ್ತಾವೆ. ಲೆನೋರ್, ದಿನಾ ಕೈ ಹಾಕೋಳು ನೀನೇ ಹೇಳು."

"ಹಸೂಗೆ ಸರಿ," ಎಂದಳು ಲೆನೋರ್. "ಅದಕ್ಕಿರೋದೇ ಹಾಗೆ, ಒಂದು ಕವಲೇ ಇಡೀ ಕರು ಹಿಡಿಯೋವಷ್ಟು ಹಿಗ್ಗುತ್ತೆ. ಹೆಂಗಸಿಗೆ ಒಂದೇ ಕೋಣೆ ಇರಬೇಕು ಕಣೇ. ಎರಡಾದ್ರೆ ಅರ್ಧ ಜಾಗ, ಅದೂ ಸರಿಯಾಗಿ ಹಿಗ್ಗಲ್ಲ. ಕೆಲವರಿಗೆ ಬಸಿರು ನಿಲ್ಲಲ್ಲ. ನಿಂತರೂ ತಿಂಗಳು ತುಂಬೋಕೆ ಮುಂಚೆ ಹೆರಿಗೆ, ಕೂಸಿಗೆ ತಿರುಗೋಕೆ ಜಾಗ ಇಲ್ದೆ ಕಾಲು ಮುಂದಾಗಿ ಬರುತ್ತೆ. ಎಷ್ಟೋ ಜನಕ್ಕೆ ತಮಗೆ ಹಿಂಗಿದೆ ಅಂತ ಸಾಯೋವರೆಗೂ ಗೊತ್ತಾಗಲ್ಲ."

"ಮತ್ತೆ ಕುದುರೆ?" ಎಂದಳು ಅರ್ಡಿತ್.

"ಕುದುರೆಯಿಂದ ಗರ್ಭಕೋಶ ಕವಲಾಗುತ್ತಾ? ಹುಟ್ಟುವಾಗಲೇ ಹಂಗಿತ್ತು. ಹಾಸಿಗೇಲಿ ಮಲಗಿದ್ರೂ ಇವಳಿಗೆ ಅಷ್ಟೇ ಆಗ್ತಿತ್ತು."

ಮ್ಯಾರ್ಲಿಸ್ ಅತ್ತೆಯ ಮುಖವನ್ನೇ ನೋಡಿದಳು. ಅರ್ಡಿತ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು, ಗೇಟಿನ ಹತ್ತಿರ ಹೋದಳು, ಮುಂದಿನ ಹಸುವನ್ನು ಬಿಟ್ಟಳು. ಒಂದು ಮಾತು ಆಡಿದ್ದರೆ ಈ ಮುದುಕಿಯ ಗಂಟೇನು ಹೋಗುತ್ತಿತ್ತು? ಮ್ಯಾರ್ಲಿಸ್‌ಗೆ ಕಣ್ಣು ಉರಿಯುವಷ್ಟು ಸಿಟ್ಟು ಬಂತು. ಮತ್ತೆ ಹನ್ನೊಂದು ಹಸುಗಳಾದವು, ಅದರಲ್ಲಿ ಎರಡು ಖಾಲಿ. ಅವಳು ಗೀಟೆಳೆದಳು.

ಹನ್ನೆರಡನೆಯದಕ್ಕೆ ಗೇಟು ತೆಗೆಯಲಿಲ್ಲ. ಅರ್ಡಿತ್ ಚಿಲಕದ ಮೇಲೆ ಕೈಯಿಟ್ಟು ಹಾಗೇ ನಿಂತಿದ್ದಳು.

"ಡಾರ್ಸಿ ಕಾಲು ಮುಂದಾಗಿ ಬಂದ," ಎಂದಳು, ಇತ್ತ ತಿರುಗದೆ. "ಏಳು ತಿಂಗಳಿಗೇ. ಅವನಿಗಿಂತ ಮುಂಚೆ ಇಬ್ಬರಿದ್ರು."

ಮ್ಯಾರ್ಲಿಸ್‌ಗೆ ಇದು ಗೊತ್ತಿರಲಿಲ್ಲ. ಡಾರ್ಸಿಗೂ ಗೊತ್ತಿರಲಿಲ್ಲ.

"ಎರಡನೇದು ಹೋದಾಗ ನಮ್ಮತ್ತೆ ಅಂದ್ಲು, ಕುದುರೆ ಹತ್ತಿ ಕೂಸನ್ನ ಕೊಂದೆ ಅಂತ. ಮಾರನೇ ದಿನಾನೇ ಕುದುರೇನ ಮಾರಿಬಿಟ್ಟೆ. ನಲವತ್ತೊಂದು ವರ್ಷ ಆಯ್ತು, ಆಮೇಲೆ ಹತ್ತೇ ಇಲ್ಲ."

ಲೆನೋರ್ ಗ್ಲೌಸಿನ ಕೈಯನ್ನು ಕೆಳಗಿಳಿಸಿದಳು. ಮ್ಯಾರ್ಲಿಸ್ ಗೇಟಿನ ಹತ್ತಿರ ಹೋದಳು. ಅತ್ತೆಯ ಪಕ್ಕದಲ್ಲಿ ನಿಂತಳು.

"ನಿನಗೆ ಆ ಚಿತ್ರ ತೆಗೆದ್ರಲ್ಲ," ಎಂದಳು ಅರ್ಡಿತ್. ದನಿ ಸಣ್ಣಗಾಗಿತ್ತು. "ಅರವತ್ತೆಂಟು ತುಂಬಿದವಳಿಗೂ ತೆಗೀತಾರೇನೇ?"